ಡೇವಿಡ್ ಲೀನ್: ಸಂಕಲನದ ಮೇಜಿನಿಂದ ಸಾವನದುರ್ಗಕ್ಕೆ

ಡೇವಿಡ್ ಲೀನ್ ಬ್ರಿಟನ್ನಿನ ಚಲನಚಿತ್ರ ನಿರ್ದೇಶಕ. ಹುಟ್ಟಿದ್ದು 1908ರ ಮಾರ್ಚ್ 25ರಂದು, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ. ತೀರಿಕೊಂಡದ್ದು 1991ರ ಏಪ್ರಿಲ್ 16ರಂದು. ಸೋವಿಯತ್ ಒಕ್ಕೂಟ ಕಟ್ಟುವುದಕ್ಕೆ ಮೊದಲೇ ಹುಟ್ಟಿ, ಅದು ಒಡೆಯುವುದಕ್ಕೆ ಎಂಟು ತಿಂಗಳಿರುವಾಗ ಕಣ್ಣು ಮುಚ್ಚಿದವನು. ಆ ದೇಶದ ಕ್ರಾಂತಿಯ ಕಾಲದ ಕತೆಯೊಂದನ್ನು, ಆ ನೆಲದಲ್ಲಿ ಚಿತ್ರೀಕರಿಸದೆಯೇ, ಲೋಕವೆಲ್ಲ ನೋಡುವಂತೆ ತೆರೆಗೆ ತಂದವನೂ ಹೌದು. ಆದರೆ ರಾಮನಗರ ಸೀಮೆಯವರಿಗೆ ಈತ ಹತ್ತಿರದವನಾಗುವುದು ಬೇರೊಂದು ಕಾರಣಕ್ಕೆ. ಲೀನ್‌ನ ಕೊನೆಯ ಚಿತ್ರ 'ಎ ಪ್ಯಾಸೇಜ್ ಟು ಇಂಡಿಯಾ'ದ ಹೃದಯಭಾಗ ಚಿತ್ರೀಕರಣಗೊಂಡದ್ದು ಮಾಗಡಿ ತಾಲ್ಲೂಕಿನ ಸಾವನದುರ್ಗದಲ್ಲಿ ಮತ್ತು ರಾಮನಗರದ ರಾಮದೇವರ ಬೆಟ್ಟದಲ್ಲಿ.

ರಾಮನಗರ ಎಂದಕೂಡಲೇ ಸಿನಿಮಾದವರ ಬಾಯಲ್ಲಿ ಬರುವ ಹೆಸರು 'ಶೋಲೆ'. ರಮೇಶ್ ಸಿಪ್ಪಿಯ ತಂಡ 1973ರ ಅಕ್ಟೋಬರ್‌ನಲ್ಲಿ ಇಲ್ಲಿನ ಬಂಡೆಗಳ ಬುಡಕ್ಕೆ ಬಂದಿಳಿಯಿತು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಇಲ್ಲದ ರಾಮಗಢವೊಂದನ್ನು ಕಟ್ಟಿ ನಿಲ್ಲಿಸಿದ. ಚಿತ್ರ 1975ರ ಆಗಸ್ಟ್ 15ರಂದು ತೆರೆಕಂಡಿತು. ಅದಾದ ಹತ್ತೇ ವರ್ಷದೊಳಗೆ ಅದೇ ಕಲ್ಲುಗಳ ನಡುವೆ, ಆಗಲೇ ಎರಡು ಸಲ ನಿರ್ದೇಶನದ ಆಸ್ಕರ್ ಗೆದ್ದಿದ್ದ ಎಪ್ಪತ್ತೈದರ ಮುದುಕನೊಬ್ಬ ಕ್ಯಾಮೆರಾ ಹೂಡಿದ್ದ. ಮೊದಲನೆಯದು ಊರಿನ ಪುರಾಣವಾಯಿತು. ಎರಡನೆಯದು ಅಷ್ಟಾಗಿ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಲೀನ್ ಹುಟ್ಟಿದ್ದು ಕ್ವೇಕರ್ ಪಂಥದ ಮನೆಯಲ್ಲಿ. ಆಡಂಬರವಿಲ್ಲದ ಬದುಕು, ಮೌನದ ಪ್ರಾರ್ಥನೆ ಆ ಪಂಥದ ಕಟ್ಟು. ಮನೆಯಲ್ಲಿ ಸಿನಿಮಾ ಎಂದರೆ ನಿಷಿದ್ಧ. ಅಪ್ಪ ಲೆಕ್ಕಪರಿಶೋಧಕ. ಓದಿನಲ್ಲಿ ಹಿಂದಿದ್ದ ಹುಡುಗನಿಗೆ ಹತ್ತನೆಯ ವಯಸ್ಸಿನ ಸುಮಾರಿಗೆ ಬಂಧುವೊಬ್ಬ ಕೊಟ್ಟ ಕೊಡಾಕ್ ಬ್ರೌನಿ ಕ್ಯಾಮೆರಾವೇ ಮೊದಲ ಗುರು. ಹುಡುಗನ ಹದಿಹರೆಯದಲ್ಲಿ ಅಪ್ಪ ಮನೆ ಬಿಟ್ಟು ಹೋದ. ಶಾಲೆ ಮುಗಿದ ಮೇಲೆ ಮಗನೂ ಅಪ್ಪನ ಕಚೇರಿಯಲ್ಲಿಯೇ ಲೆಕ್ಕ ಬರೆಯಲು ಕೂತ. ಕೂಡಿ ಕಳೆಯುವ ಕೆಲಸ ಒಗ್ಗಲಿಲ್ಲ; ಅವನ ಸುತ್ತ ಬಿದ್ದಿರುತ್ತಿದ್ದದ್ದು ಲೆಕ್ಕಶಾಸ್ತ್ರದ ಪುಸ್ತಕಗಳಲ್ಲ, ಸಿನಿಮಾ ಪತ್ರಿಕೆಗಳು.

1927ರಲ್ಲಿ ಲಂಡನ್ನಿನ ಗೋಮಾಂಟ್ ಸ್ಟುಡಿಯೋ ಸೇರಿದ. ಚಹಾ ತಂದುಕೊಡುವುದು, ಕ್ಲ್ಯಾಪ್ ಹೊಡೆಯುವುದು, ಸುದ್ದಿ ಮುಟ್ಟಿಸುವುದು ಮೊದಮೊದಲ ಕೆಲಸಗಳು. ಕೆಲವೇ ದಿನಗಳಲ್ಲಿ ಕಾಲು ತಾನಾಗಿ ಎಡಿಟಿಂಗ್ ಕೋಣೆಯತ್ತ ಎಳೆಯಿತು. ಆ ಕಾಲದ ಎಡಿಟಿಂಗ್ ಎಂದರೆ ಕೈಕೆಲಸ. ತೆಗೆದ ಫಿಲಂ ತುಂಡುಗಳನ್ನು ಮೊಳೆಗಳಿಗೆ ಸಿಕ್ಕಿಸಿ ತೂಗುಬಿಡುತ್ತಿದ್ದರು. ತುದಿ ನೆಲಕ್ಕೆ ತಾಗಿ ಗೀರು ಬೀಳದಂತೆ ಕೆಳಗೆ ಬಟ್ಟೆ ಹಾಸಿದ ಡಬ್ಬ. ಬೇಕಾದ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಕತ್ತರಿಸಿ, ಅಂಚನ್ನು ಕೆರೆದು, ಅಂಟು ಸವರಿ, ಒತ್ತಿ ಹಿಡಿಯಬೇಕು. ಸೆಕೆಂಡಿಗೆ 24 ಚೌಕಟ್ಟು. ಎರಡು ಚೌಕಟ್ಟು ಹೆಚ್ಚಾದರೂ ಏಟು ಸಡಿಲ, ಎರಡು ಕಡಿಮೆಯಾದರೂ ನೋಟ ತಪ್ಪುತ್ತದೆ. 1930ರ ಹೊತ್ತಿಗೆ ಲೀನ್ ಸುದ್ದಿಚಿತ್ರಗಳ ಸಂಕಲನಕಾರ. ಸುದ್ದಿಚಿತ್ರಕ್ಕೆ ಕಾಯಲು ಸಮಯವಿಲ್ಲ. ಬಂದ ಸರಕನ್ನು ಗಂಟೆಗಳ ಲೆಕ್ಕದಲ್ಲಿ ಅರ್ಥವಾಗುವಂತೆ ಜೋಡಿಸಿ ಕಳಿಸಬೇಕು. ಸಿನಿಮಾಕ್ಕೆ ಆಗತಾನೇ ಮಾತು ಬಂದಿದ್ದರಿಂದ ಶಬ್ದವನ್ನು ಚಿತ್ರದೊಂದಿಗೆ ಹೊಂದಿಸುವ ಕಷ್ಟವೂ ಜೊತೆಗಿತ್ತು. ಹನ್ನೆರಡು ವರ್ಷ ಲೀನ್ ಕಲಿತದ್ದು ಇದನ್ನೇ. 1938ರ 'ಪಿಗ್ಮೇಲಿಯನ್', 1941ರ '49ತ್ ಪ್ಯಾರಲಲ್' ಹೊರಬರುವಷ್ಟರಲ್ಲಿ ಬ್ರಿಟನ್ನಿನ ಅತ್ಯುತ್ತಮ ಸಂಕಲನಕಾರರಲ್ಲಿ ಈತನ ಹೆಸರಿತ್ತು.

ಇದೇ ವರ್ಷಗಳಲ್ಲಿ ಸೋವಿಯತ್ ದೇಶದಲ್ಲಿ ಕುಲೆಶೋವ್, ಐಸೆನ್‌ಸ್ಟೈನ್, ಪುಡೊವ್ಕಿನ್ ಅದೇ ಕತ್ತರಿ ಕೆಲಸದ ಮೇಲೆ ಸಿದ್ಧಾಂತ ಕಟ್ಟುತ್ತಿದ್ದರು. ಸಿನಿಮಾ ಕಲೆಯ ಬುನಾದಿಯೇ ಸಂಕಲನ ಎಂಬುದು ಪುಡೊವ್ಕಿನ್ ವಾದ. ಎರಡು ತುಂಡು ಡಿಕ್ಕಿ ಹೊಡೆದರೆ ಮೂರನೆಯ ಅರ್ಥ ಹುಟ್ಟುತ್ತದೆ ಎಂಬುದು ಐಸೆನ್‌ಸ್ಟೈನ್ ವಾದ. ಅವರದು ಶಾಸ್ತ್ರ, ಲೀನ್‌ನದು ಕಸುಬು. ಅವರಿಗೆ ಜನಸಮೂಹವೇ ನಾಯಕ. ಈತನಿಗೆ ಗುಂಪಿನಲ್ಲಿ ಒಂಟಿಯಾಗಿ ನಿಂತ ಒಬ್ಬ ಮನುಷ್ಯ, ಅವನ ಹಿಂದೆ ಅವನಿಗಿಂತ ಸಾವಿರ ಪಾಲು ದೊಡ್ಡದಾದ ನೆಲ. ಆದರೂ ಮೂವತ್ತು ವರ್ಷಗಳ ಅನಂತರ 'ಡಾಕ್ಟರ್ ಜಿವಾಗೊ'ದಲ್ಲಿ ಮೆರವಣಿಗೆಯ ಮೇಲೆ ಕುದುರೆ ಸವಾರರು ಕತ್ತಿ ಬೀಸಿ ನುಗ್ಗುವ ಭಾಗ ನೋಡಿದರೆ ಐಸೆನ್‌ಸ್ಟೈನ್ ನೆನಪಾಗದೆ ಇರದು. ಲೀನ್ ಅಲ್ಲಿ ಕೊಲೆಯನ್ನು ಹೆಚ್ಚಾಗಿ ತೋರಿಸುವುದಿಲ್ಲ, ಅದನ್ನು ಮಹಡಿಯ ಮೇಲಿಂದ ನೋಡುತ್ತಿರುವ ಜಿವಾಗೊನ ಮುಖವನ್ನು ತೋರಿಸುತ್ತಾನೆ. ಇಬ್ಬರ ನಡುವಿನ ಅಂತರ ಆ ಒಂದು ಕಟ್‌ನಲ್ಲಿದೆ.

ನಿರ್ದೇಶನದ ಬಾಗಿಲು ತೆರೆದವನು ನಾಟಕಕಾರ ನೋಯೆಲ್ ಕವರ್ಡ್. 1942ರ ಯುದ್ಧಕಾಲದ ಚಿತ್ರ 'ಇನ್ ವಿಚ್ ವಿ ಸರ್ವ್' ಇಬ್ಬರ ಹೆಸರಿನಲ್ಲಿ ಬಂತು. ಮುಂದಿನ ಮೂರು ಚಿತ್ರಗಳಿಗೂ ಕತೆ ಕವರ್ಡ್‌ನದೇ. ಅವುಗಳಲ್ಲಿ 1945ರ 'ಬ್ರೀಫ್ ಎನ್‌ಕೌಂಟರ್' ಇಂದಿಗೂ ಲೀನ್‌ನ ಅತ್ಯುತ್ತಮ ಚಿತ್ರವೆಂದು ವಾದಿಸುವವರಿದ್ದಾರೆ. ಆ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಮದುವೆಯಾದ ಹೆಂಗಸು, ಮದುವೆಯಾದ ಗಂಡಸು, ರೈಲು ನಿಲ್ದಾಣದ ಚಹಾ ಕೋಣೆ, ವಾರಕ್ಕೊಮ್ಮೆ ಭೇಟಿ. ಏನೂ ನಡೆಯುವುದಿಲ್ಲ, ಎಲ್ಲವೂ ನಡೆದುಹೋಗುತ್ತದೆ. ಕಾರ್ನ್‌ಫೋರ್ತ್ ಎಂಬ ಸಣ್ಣ ನಿಲ್ದಾಣದಲ್ಲಿ ರಾತ್ರಿ ಹೊತ್ತು ಚಿತ್ರೀಕರಿಸಿ, ರಷ್ಯನ್ ಸಂಗೀತಗಾರ ರಾಖ್ಮನಿನೋವ್‌ನ ಎರಡನೆಯ ಪಿಯಾನೊ ಕನ್‌ಚರ್ಟೊವನ್ನು ಉದ್ದಕ್ಕೂ ಹರಿಸಲಾಯಿತು. ಮರುವರ್ಷ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಹಂಚಿಕೊಂಡ ಚಿತ್ರಗಳಲ್ಲಿ ಇದೂ ಒಂದು.

ಆಮೇಲೆ ಡಿಕನ್ಸ್: 1946ರ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್', 1948ರ 'ಆಲಿವರ್ ಟ್ವಿಸ್ಟ್'. ದಪ್ಪ ಕಾದಂಬರಿಯೊಂದನ್ನು ಎರಡು ಗಂಟೆಗೆ ಇಳಿಸುವಾಗ ಯಾವುದನ್ನು ಬಿಡಬೇಕು ಎಂಬ ಪಾಠಕ್ಕೆ ಮೊದಲನೆಯದನ್ನು ಈಗಲೂ ನೋಡಬೇಕು. ಎರಡನೆಯದರಲ್ಲಿ ಫೇಗಿನ್ ಪಾತ್ರದ ಮೂಗಿನ ಮೇಕಪ್ಪು ಯೆಹೂದಿಗಳನ್ನು ಹೀಯಾಳಿಸುತ್ತದೆಂಬ ಆಕ್ಷೇಪ ಎದ್ದು ಅಮೆರಿಕದ ಬಿಡುಗಡೆ 1951ರವರೆಗೆ ತಡವಾಯಿತು. ಫೇಗಿನ್ ಆಗಿದ್ದವನು ಅಲೆಕ್ ಗಿನ್ನೆಸ್. ಈ ನಟ ಮತ್ತು ಮೇಕಪ್ಪಿನ ತೊಡಕು ಮೂವತ್ತಾರು ವರ್ಷಗಳ ಅನಂತರ ಕರ್ನಾಟಕದಲ್ಲಿ ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ. ಮುಂದಿನ ಎರಡು ಚಿತ್ರಗಳು ಸಾಧಾರಣ. 1952ರ 'ದಿ ಸೌಂಡ್ ಬ್ಯಾರಿಯರ್', ಬರ್ಲಿನ್‌ನಲ್ಲಿ ಸ್ವರ್ಣ ಕರಡಿ ಗೆದ್ದ 1954ರ 'ಹಾಬ್ಸನ್ಸ್ ಚಾಯ್ಸ್' ಗಟ್ಟಿಯಾದವು.

1955ರಲ್ಲಿ ವೆನಿಸ್‌ಗೆ ಹೋಗಿ 'ಸಮ್ಮರ್‌ಟೈಮ್' ಮಾಡಿದ ಮೇಲೆ ಲೀನ್ ಮತ್ತೆ ಬ್ರಿಟನ್ನಿನ ಸ್ಟುಡಿಯೋಗಳ ಒಳಗೆ ಮನಸ್ಸಿಟ್ಟು ನಿಲ್ಲಲಿಲ್ಲ. 'ದಿ ಬ್ರಿಜ್ ಆನ್ ದ ರಿವರ್ ಕ್ವೈ' ಸಿಲೋನಿನ ಕಿತುಲ್ಗಲದಲ್ಲಿ ತಯಾರಾಗಿ 1957ರಲ್ಲಿ ಬಂದು ಏಳು ಆಸ್ಕರ್ ಪಡೆಯಿತು. ಚಿತ್ರಕತೆಯ ಪ್ರಶಸ್ತಿ ಹೋದದ್ದು ಮೂಲ ಕಾದಂಬರಿಕಾರ ಪಿಯೆರ್ ಬೂಲ್‌ಗೆ. ನಿಜವಾಗಿ ಬರೆದ ಕಾರ್ಲ್ ಫೋರ್ಮನ್, ಮೈಕೆಲ್ ವಿಲ್ಸನ್ ಕಮ್ಯುನಿಸ್ಟರೆಂಬ ಗುಮಾನಿಯಿಂದ ಹಾಲಿವುಡ್ಡಿನ ಕಪ್ಪುಪಟ್ಟಿಯಲ್ಲಿದ್ದರು. ಶೀತಲ ಸಮರದ ನೆರಳು ಹೀಗೆ ಸೋವಿಯತ್ ಗಡಿಯ ಆಚೆಗೂ ಬೀಳುತ್ತಿತ್ತು. ಸೋವಿಯತ್ ಕಡೆ ಪುಸ್ತಕಕ್ಕೆ ನಿಷೇಧ, ಹಾಲಿವುಡ್ ಕಡೆ ಹೆಸರಿಗೆ.

1962ರ 'ಲಾರೆನ್ಸ್ ಆಫ್ ಅರೇಬಿಯಾ' ಜೋರ್ಡಾನ್, ಮೊರಾಕ್ಕೊ, ಸ್ಪೇನ್‌ಗಳಲ್ಲಿ ತಯಾರಾಯಿತು. ಇದಕ್ಕೂ ಏಳು ಆಸ್ಕರ್. ಸಿನಿಮಾ ಪಾಠ ಹೇಳುವವರು ಬಿಡದೆ ತೋರಿಸುವ ಒಂದು ಕಟ್ ಇದರಲ್ಲಿದೆ. ಕೈರೋದ ಕಚೇರಿಯಲ್ಲಿ ಲಾರೆನ್ಸ್ ಉರಿಯುವ ಬೆಂಕಿಕಡ್ಡಿಯನ್ನು ಊದಿ ಆರಿಸುತ್ತಾನೆ. ಆ ಕ್ಷಣವೇ ತೆರೆಯ ತುಂಬ ಮರುಭೂಮಿಯ ಕೆಂಪು ದಿಗಂತ, ಸೂರ್ಯ ಇನ್ನೂ ಮೇಲೆ ಬಂದಿಲ್ಲ. ಚಿತ್ರಕತೆಯಲ್ಲಿ ಒಂದು ದೃಶ್ಯ ಕರಗಿ ಇನ್ನೊಂದು ಮೂಡಬೇಕೆಂದು ಬರೆದಿತ್ತು. ಸಂಕಲನ ಮಾಡುತ್ತಿದ್ದ ಆ್ಯನ್ ಕೋಟ್ಸ್‌ಳ ಕರಡು ಪ್ರತಿಯಲ್ಲಿ ಎರಡೂ ತುಂಡು ನೇರವಾಗಿ ಅಂಟಿಕೊಂಡಿದ್ದವು. ಹಾಗೆ ನೋಡಿದಾಗಲೇ ಅದರ ಬಲ ತಿಳಿದು ಹಾಗೆಯೇ ಉಳಿಸಲಾಯಿತು. ಮರುಭೂಮಿಯಲ್ಲಿ ದಾರಿ ತಪ್ಪಿ, ಲಾರೆನ್ಸ್‌ನಿಂದ ಬದುಕಿ ಬಂದು, ಕೊನೆಗೆ ಅವನ ಕೈಯಲ್ಲೇ ಸಾಯುವ ಗಾಸಿಮ್‌ನ ಪಾತ್ರ ಮಾಡಿದವನು ಹಿಂದಿ ಚಿತ್ರಗಳ ಹಾಸ್ಯನಟ ಐ. ಎಸ್. ಜೋಹರ್. ಆ ಮುಖ ಕಂಡು ನಗಲು ಸಿದ್ಧರಾಗಿದ್ದ ನಮ್ಮ ಪ್ರೇಕ್ಷಕರಿಗೆ ಅದೊಂದು ವಿಚಿತ್ರ ಅನುಭವವೇ ಆಗಿದ್ದಿರಬೇಕು.

'ಡಾಕ್ಟರ್ ಜಿವಾಗೊ' 1965ರದು. ಬೋರಿಸ್ ಪಾಸ್ತರ್ನಾಕ್‌ನ ಈ ಕಾದಂಬರಿ ಕ್ರಾಂತಿ ಮತ್ತು ಅಂತರ್ಯುದ್ಧದ ನಡುವೆ ಸಿಕ್ಕಿಬಿದ್ದ ಒಬ್ಬ ವೈದ್ಯ-ಕವಿಯ ಕತೆ. ಸೋವಿಯತ್ ಪ್ರಕಾಶನಗಳು ಮುಟ್ಟದ ಹಸ್ತಪ್ರತಿ ದೇಶ ದಾಟಿ 1957ರಲ್ಲಿ ಇಟಲಿಯಲ್ಲಿ ಮೊದಲು ಅಚ್ಚಾಯಿತು. ಮರುವರ್ಷ ನೊಬೆಲ್ ಘೋಷಣೆಯಾದಾಗ ಒತ್ತಡಕ್ಕೆ ಮಣಿದು ಪಾಸ್ತರ್ನಾಕ್ ಅದನ್ನು ಬೇಡವೆನ್ನಬೇಕಾಯಿತು, 1960ರಲ್ಲಿ ತೀರಿಕೊಂಡ. ಪುಸ್ತಕವೇ ಸಲ್ಲದ ದೇಶದಲ್ಲಿ ಅದರ ಚಿತ್ರೀಕರಣ ಆಗದ ಮಾತು; ಆದ್ದರಿಂದ ಲೀನ್ ಮಾಸ್ಕೋವನ್ನು ಮ್ಯಾಡ್ರಿಡ್ ಹೊರವಲಯದಲ್ಲಿ ಕಟ್ಟಿಸಿದ. ಟ್ರಾಮ್ ಹಳಿ ಸಮೇತ ಒಂದು ಇಡೀ ಬೀದಿ. ಸ್ಪೇನಿನ ಬಿಸಿಲಿನಲ್ಲಿ ರಷ್ಯದ ಚಳಿಗಾಲ. ಹಿಮದಿಂದ ಹೆಪ್ಪುಗಟ್ಟಿದಂತೆ ಕಾಣುವ ಆ ಪ್ರಸಿದ್ಧ ಮನೆಯ ಒಳಗಿನ ಹಿಮವೆಲ್ಲ ಬಹುಪಾಲು ಮೇಣ. ಫ್ರಾಂಕೋನ ಕಮ್ಯುನಿಸ್ಟ್ ವಿರೋಧಿ ಸರ್ವಾಧಿಕಾರದ ನೆಲದಲ್ಲಿ ಕೆಂಪು ಬಾವುಟದ ಮೆರವಣಿಗೆಗಳು ನಡೆದವು.

ಇದೇ ಹೊತ್ತಿನಲ್ಲಿ ಸೋವಿಯತ್ ನಿರ್ದೇಶಕ ಗ್ರಿಗೋರಿ ಕೋಜಿಂತ್ಸೆವ್ 1964ರಲ್ಲಿ 'ಹ್ಯಾಮ್ಲೆಟ್' ಮುಗಿಸಿದ್ದ. ಆ ಚಿತ್ರದ ಸಂಭಾಷಣೆ ಪಾಸ್ತರ್ನಾಕ್‌ನ ಅನುವಾದ. ಅಂದರೆ ಪಾಸ್ತರ್ನಾಕ್‌ನ ಸ್ವಂತ ಕಾದಂಬರಿ ಸಲ್ಲದ ದೇಶದಲ್ಲಿ ಅವನ ಶೇಕ್ಸ್‌ಪಿಯರ್ ಸಲ್ಲುತ್ತಿತ್ತು. ಒಂದು ವ್ಯವಸ್ಥೆಯಲ್ಲಿ ನಿರ್ದೇಶಕನಿಗೆ ಎಷ್ಟು ಜಾಗವಿತ್ತು, ಎಲ್ಲಿ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ. ಲೀನ್‌ಗೆ ಆ ಕಾಟವಿರಲಿಲ್ಲ. ಅವನ ಕಾಟವೆಲ್ಲ ಹಣದ ಲೆಕ್ಕ ಕೇಳುವ ನಿರ್ಮಾಪಕರದು. ಜಿವಾಗೊ ಐದು ಆಸ್ಕರ್ ಗೆದ್ದು ಅಪಾರ ಹಣ ಮಾಡಿತು. ಕಾದಂಬರಿ ಸೋವಿಯತ್ ಒಕ್ಕೂಟದಲ್ಲಿ 1988ರಲ್ಲಿ ಪ್ರಕಟವಾಯಿತು. ಚಿತ್ರ ರಷ್ಯದಲ್ಲಿ ತೆರೆ ಕಂಡದ್ದು 1994ರಲ್ಲಿ. ನೋಡಲು ಪಾಸ್ತರ್ನಾಕ್ ಇರಲಿಲ್ಲ, ಲೀನ್ ಇರಲಿಲ್ಲ, ಸೋವಿಯತ್ ಒಕ್ಕೂಟವೂ ಇರಲಿಲ್ಲ.

1970ರ 'ರಯಾನ್ಸ್ ಡಾಟರ್' ಐರ್ಲೆಂಡಿನ ಕಡಲತಡಿಯಲ್ಲಿ ತಯಾರಾಯಿತು. ಬೇಕಾದಂಥ ಬಿರುಗಾಳಿ ಬರುವವರೆಗೆ ಕಾದು ಕೂತ ತಂಡದ ಕತೆ ಚಿತ್ರಕ್ಕಿಂತ ರೋಚಕ. ಸಣ್ಣ ಕತೆಗೆ ಅತಿ ದೊಡ್ಡ ಚೌಕಟ್ಟು ಹಾಕಿದ ಚಿತ್ರವಿದು. ನ್ಯೂಯಾರ್ಕಿನ ಆಲ್ಗೊನ್‌ಕ್ವಿನ್ ಹೋಟೆಲಿನಲ್ಲಿ ಅಮೆರಿಕದ ವಿಮರ್ಶಕರು ಲೀನ್‌ನನ್ನು ಎದುರು ಕೂರಿಸಿಕೊಂಡು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡರು. ಆ ಪೆಟ್ಟು ಆಳಕ್ಕೆ ಇಳಿಯಿತು. ಮುಂದಿನ 14 ವರ್ಷ ಲೀನ್‌ನಿಂದ ಒಂದೂ ಕಥಾಚಿತ್ರ ಹೊರಬರಲಿಲ್ಲ. ಬೌಂಟಿ ಹಡಗಿನ ದಂಗೆಯ ಮೇಲೆ ವರ್ಷಗಟ್ಟಲೆ ದುಡಿದ ಯೋಜನೆ ನಿಂತುಹೋಯಿತು. ಚಿತ್ರಕತೆಯ ಜೊತೆಗಾರ ರಾಬರ್ಟ್ ಬೋಲ್ಟ್ ಪಾರ್ಶ್ವವಾಯು ಬಡಿದು ಮಲಗಿದ.

ಭಾರತ ಲೀನ್‌ಗೆ ಹೊಸದಲ್ಲ. 1950ರ ದಶಕದಲ್ಲಿಯೇ ಇಲ್ಲಿ ಓಡಾಡಿದ್ದ. ಗಾಂಧಿಯನ್ನು ಕುರಿತು ಚಿತ್ರ ಮಾಡುವ ಯೋಚನೆ, ಮುಂದೆ ಅದನ್ನು ಮಾಡಿದ ನಿರ್ದೇಶಕ ಅಟೆನ್‌ಬರೋಗಿಂತ ಮುಂಚೆ ಈತನಿಗಿತ್ತು. ಆರು ಮದುವೆಗಳಲ್ಲಿ ನಾಲ್ಕನೆಯದು ಹೈದರಾಬಾದಿನ ಲೀಲಾ ಮಾಟ್ಕರ್ ಜೊತೆ, 1960ರಲ್ಲಿ. ಇ. ಎಂ. ಫಾರ್ಸ್ಟರ್‌ನ 1924ರ ಕಾದಂಬರಿ 'ಎ ಪ್ಯಾಸೇಜ್ ಟು ಇಂಡಿಯಾ'ವನ್ನು ಚಿತ್ರ ಮಾಡುವ ಆಸೆಯೂ ಹಳೆಯದೇ. ಆದರೆ ಫಾರ್ಸ್ಟರ್ ಬದುಕಿರುವವರೆಗೆ ಅದನ್ನು ಸಿನಿಮಾದವರ ಕೈಗೆ ಕೊಡಲಿಲ್ಲ. ನಾಟಕಕ್ಕೆ ಮಾತ್ರ ಒಬ್ಬಾಕೆಗೆ ಒಪ್ಪಿಗೆ ಕೊಟ್ಟ. ಆಕೆ ಶಾಂತಾ ರಾಮರಾವ್.

ಈಕೆಯ ಬೇರು ಕನ್ನಡ ನಾಡಿನಲ್ಲಿದೆ. ತಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಬೆನೆಗಲ್ ರಾಮರಾವ್, ಮಂಗಳೂರು ಕಡೆಯ ಚಿತ್ರಾಪುರ ಸಾರಸ್ವತರು. ದೊಡ್ಡಪ್ಪ ಬೆನೆಗಲ್ ನರಸಿಂಗರಾವ್, ಸಂವಿಧಾನ ಸಭೆಯ ಸಲಹೆಗಾರ. ತಾಯಿ ಧನವಂತಿ ಕಾಶ್ಮೀರಿ ಮನೆತನದವರಾದರೂ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. 1923ರಲ್ಲಿ ಮದರಾಸಿನಲ್ಲಿ ಹುಟ್ಟಿದ ಶಾಂತಾ ಇಂಗ್ಲೆಂಡ್, ಅಮೆರಿಕಗಳಲ್ಲಿ ಓದಿ ಇಂಗ್ಲಿಷಿನಲ್ಲಿ ಬರೆದು ಹೆಸರಾದಳು. ಆಕೆಯ ನಾಟಕ 1960ರಲ್ಲಿ ಆಕ್ಸ್‌ಫರ್ಡ್ ಮತ್ತು ಲಂಡನ್ನಿನಲ್ಲಿ, 1962ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆಡಿತು. ಫಾರ್ಸ್ಟರ್ 1970ರಲ್ಲಿ ತೀರಿಕೊಂಡ ಮೇಲೆ ಹಕ್ಕು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಬಂತು. ನಿರ್ಮಾಪಕ ಜಾನ್ ಬ್ರೇಬೋರ್ನ್, ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ನನ ಅಳಿಯ, ವರ್ಷಗಟ್ಟಲೆ ಬೆನ್ನುಬಿದ್ದು ಅದನ್ನು ಪಡೆದ. ಚಿತ್ರಕತೆಯ ಮೊದಲ ಕರಡು ಶಾಂತಾ ರಾಮರಾವ್‌ದು. ಲೀನ್‌ಗೆ ಅದು ನಾಟಕದಂತೆ ಕಂಡಿತು. ಅದನ್ನು ಬದಿಗಿಟ್ಟು, ದಿಲ್ಲಿಯಲ್ಲಿ ಕೂತು ತಾನೇ ಬೇರೆ ಬರೆದ.

ಕತೆಯ ನಡು ಮರಾಬಾರ್ ಗುಹೆಗಳು. ಚಂದ್ರಪುರ ಎಂಬ ಊರಿನ ಡಾಕ್ಟರ್ ಅಜೀಜ್ ಇಂಗ್ಲೆಂಡಿನಿಂದ ಬಂದ ಮುದುಕಿ ಮಿಸೆಸ್ ಮೂರ್ ಮತ್ತು ತರುಣಿ ಅಡೆಲಾಳನ್ನು ಗುಹೆ ತೋರಿಸಲು ಕರೆದೊಯ್ಯುತ್ತಾನೆ. ಗುಹೆಯೊಳಗೆ ಏನನ್ನೇ ಕೂಗಿದರೂ ಮರುದನಿ ಒಂದೇ. ಮುದುಕಿ ಆ ಸದ್ದಿಗೆ ಕುಸಿಯುತ್ತಾಳೆ. ತರುಣಿ ಇನ್ನೊಂದು ಗುಹೆಯಿಂದ ಓಡಿ ಬಂದು ಅಜೀಜ್ ಮೇಲೆ ಆರೋಪ ಹೊರಿಸುತ್ತಾಳೆ. ಒಳಗೆ ಏನಾಯಿತೆಂದು ಫಾರ್ಸ್ಟರ್ ಹೇಳುವುದೇ ಇಲ್ಲ.

ಮರಾಬಾರ್‌ಗೆ ಮೂಲ ಬಿಹಾರದ ಗಯಾ ಹತ್ತಿರದ ಬರಾಬರ್ ಗುಹೆಗಳು. ಅಶೋಕನ ಕಾಲದಲ್ಲಿ ಆಜೀವಿಕ ಪಂಥದವರಿಗೆ ಕೊರೆಸಿಕೊಟ್ಟವು. ಒಳಗೋಡೆ ಕನ್ನಡಿಯಂತೆ ನುಣುಪು, ಮರುದನಿ ಅದರಿಂದ. ಲೀನ್ ಅಲ್ಲಿಗೆ ಹೋಗಿ ನೋಡಿದ. ಕಲ್ಲು ತಗ್ಗು, ನೋಟ ಸಪ್ಪೆ; ಡಕಾಯಿತರ ಭಯ ಬೇರೆ. ಫಾರ್ಸ್ಟರ್‌ಗೆ ಸದ್ದು ಸಾಕಿತ್ತು. ಲೀನ್‌ಗೆ ಕಣ್ಣಿಗೆ ತುಂಬುವ ಕಲ್ಲು ಬೇಕಿತ್ತು. ಅದು ಸಿಕ್ಕಿದ್ದು ಮಾಗಡಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ.

ಸಾವನದುರ್ಗ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಏಕಶಿಲೆ, ಏಷ್ಯದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ನೆತ್ತಿ. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ ಮತ್ತು ಲಕ್ಷ್ಮೀನರಸಿಂಹಸ್ವಾಮಿ ಗುಡಿಗಳು, ಹತ್ತಿರವೇ ಅರ್ಕಾವತಿ. ಕನಕಪುರ, ರಾಮನಗರ, ಮಾಗಡಿ ಸೀಮೆಯನ್ನು ಹಾದು ಬಡಗಣಕ್ಕೆ ನೂರಾರು ಕಿಲೋಮೀಟರ್ ಚಾಚಿದ ಕಲ್ಲಿನ ಪಟ್ಟಿಯ ಒಂದು ಮುಖ್ಯ ಗಂಟು ಇದು. ಭೂವಿಜ್ಞಾನಿಗಳು ಆ ಪಟ್ಟಿಗೆ ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ರಾಮನಗರದ ಹಳೆಯ ಹೆಸರು, ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಹಿಮಾಲಯಕ್ಕಿಂತಲೂ ಎಷ್ಟೋ ಪಾಲು ಹಳೆಯದಾದ ಬೆಟ್ಟಗಳೆಂದು ಫಾರ್ಸ್ಟರ್ ಮರಾಬಾರನ್ನು ಬಣ್ಣಿಸುತ್ತಾನೆ. ಆ ಮಾತು ಮಾಗಡಿಯ ಕಲ್ಲಿಗೂ ಚಾಚೂ ತಪ್ಪದೆ ಸಲ್ಲುತ್ತದೆ.

ಇಂಗ್ಲಿಷರು ಈ ಬೆಟ್ಟ ಕಂಡದ್ದು ಅದೇ ಮೊದಲಲ್ಲ. ಟಿಪ್ಪುವಿನ ಮೇಲಿನ ಮೂರನೆಯ ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಸೇನೆ 1791ರ ಡಿಸೆಂಬರ್ 21ರಂದು ಈ ಕೋಟೆಯನ್ನು ಹಿಡಿಯಿತು. ಸೇನೆಯ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ದುರ್ಗದ ನೋಟಗಳು 1794ರ ಹೊತ್ತಿಗೆ ಪುಸ್ತಕವಾಗಿ ಅಚ್ಚಾದವು. ಲೀನ್‌ನ ಚಿತ್ರ ಶುರುವಾಗುವುದು ಮಳೆ ಸುರಿಯುವ ಲಂಡನ್ನಿನಲ್ಲಿ, ಹಡಗು ಕಂಪನಿಯ ಕಚೇರಿಯಲ್ಲಿ: ಟಿಕೆಟ್ಟಿಗೆಂದು ಬಂದ ಅಡೆಲಾ ಗೋಡೆಗೆ ತೂಗುಹಾಕಿದ ಮರಾಬಾರ್ ಗುಹೆಗಳ ಚಿತ್ರವನ್ನು ನೋಡುತ್ತ ನಿಲ್ಲುತ್ತಾಳೆ. ಈ ಬೆಟ್ಟ ಇಂಗ್ಲೆಂಡಿಗೆ ಮೊದಲು ಚಿತ್ರವಾಗಿಯೇ ಹೋದದ್ದೆಂಬುದು ಲೀನ್‌ಗೆ ಗೊತ್ತಿದ್ದಿರಲಿ ಬಿಡಲಿ, ಹೊಂದಿಕೆಯಂತೂ ಸೊಗಸಾಗಿದೆ.

ಚಿತ್ರೀಕರಣ 1983ರ ನವೆಂಬರಿನಿಂದ 1984ರ ಜೂನ್‌ವರೆಗೆ ನಡೆಯಿತು. ಸಾವನದುರ್ಗದಲ್ಲಾಗಲಿ ರಾಮದೇವರ ಬೆಟ್ಟದಲ್ಲಾಗಲಿ ಕತೆಗೆ ಬೇಕಾದಂಥ ಗುಹೆಗಳಿಲ್ಲ. ತಂಡದವರು ಬಂಡೆಯ ಮೈಯಲ್ಲಿ ಗುಹೆಯ ಬಾಯಿಗಳನ್ನಷ್ಟೇ ಕೊರೆಸಿದರು. ಚಂದ್ರಪುರದ ಪೇಟೆ ಬೀದಿ ಎದ್ದದ್ದು ಬೆಂಗಳೂರು ಅರಮನೆಯ ಆವರಣದಲ್ಲಿ, ಕಲಾ ನಿರ್ದೇಶಕ ಜಾನ್ ಬಾಕ್ಸ್ ಕೈಯಲ್ಲಿ. ಮರಾಬಾರ್‌ಗೆ ಹೋಗುವ ರೈಲು ನೀಲಗಿರಿಯದು. ನಮ್ಮ ಕಡೆಯ ಪ್ರೇಕ್ಷಕನಿಗೆ ಇದೊಂದು ತಮಾಷೆ: ಊಟಿ ರೈಲು ಹತ್ತಿದವರು ಇಳಿಯುವುದು ರೈಲೇ ಇಲ್ಲದ ಮಾಗಡಿಯಲ್ಲಿ. ಕೊನೆಯ ಭಾಗ ಶ್ರೀನಗರದಲ್ಲಿ, ಒಳಾಂಗಣದ ಒಂದಷ್ಟು ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೋದಲ್ಲಿ. ಮಿಸೆಸ್ ಮೂರ್ ಪಾತ್ರಕ್ಕೆ ಕರೆದಾಗ, ತನಗೆ ಎಪ್ಪತ್ತೈದಾಯಿತೆಂದು ಪೆಗ್ಗಿ ಆ್ಯಷ್‌ಕ್ರಾಫ್ಟ್ ಹಿಂಜರಿದಳಂತೆ. ತನಗೂ ಅಷ್ಟೇ ಎಂದನಂತೆ ಲೀನ್. ಅಜೀಜ್ ಆದವನು ಕಲ್ಕತ್ತೆಯ ವಿಕ್ಟರ್ ಬ್ಯಾನರ್ಜಿ, ಅಡೆಲಾ ಆದವಳು ಆಸ್ಟ್ರೇಲಿಯದ ಜೂಡಿ ಡೇವಿಸ್. ಆಕೆಗೂ ನಿರ್ದೇಶಕನಿಗೂ ಸೆಟ್ಟಿನಲ್ಲಿ ಸರಿಬರಲಿಲ್ಲ. ಪಾತ್ರ ಮಾತ್ರ ಅದರಿಂದ ಕೆಡಲಿಲ್ಲ. ಅಡೆಲಾಳ ಮುಖದ ಬಿಗಿತ ಕತೆಗೆ ಒದಗಿಬಂದಿದೆ.

ಬೆಟ್ಟದ ಭಾಗವನ್ನು ಹತ್ತಿರದಿಂದ ನೋಡಬೇಕು. ದೂರದ ಶಾಟ್‌ಗಳಲ್ಲಿ ಬೋಳು ಬಂಡೆ ಚೌಕಟ್ಟನ್ನು ಅಂಚಿನಿಂದ ಅಂಚಿಗೆ ತುಂಬುತ್ತದೆ, ಅದರ ಮೇಲೆ ಜನ ಇರುವೆ ಸಾಲು. ನೀರು ಇಳಿದು ಇಳಿದು ಕಲ್ಲಿನ ಮೈಮೇಲೆ ಬಿದ್ದ ಕಪ್ಪು ಪಟ್ಟೆಗಳು ನಿಚ್ಚಳವಾಗಿ ಕಾಣುತ್ತವೆ. ಸಾವನದುರ್ಗ ಹತ್ತಿದವರಿಗೆ ಅವು ಗುರುತು. ಛಾಯಾಗ್ರಾಹಕ ಅರ್ನೆಸ್ಟ್ ಡೇ ನೆತ್ತಿಯ ಬಿಸಿಲನ್ನು ಮೆದು ಮಾಡಲು ಹೋಗಿಲ್ಲ. ಅಡೆಲಾ ಗುಹೆಯೊಳಗೆ ಕಡ್ಡಿ ಗೀರುತ್ತಾಳೆ. ಬಾಯಿಯಲ್ಲಿ ಅಜೀಜ್‌ನ ಕಪ್ಪು ಆಕೃತಿ, ಅವಳ ಹೆಸರಿನ ಕೂಗು, ಮರುದನಿ. ಕಡ್ಡಿ ಆರುತ್ತದೆ, ದೃಶ್ಯ ಕಡಿಯುತ್ತದೆ. ಮತ್ತೆ ಕಾಣುವಾಗ ಅವಳು ಕಳ್ಳಿಗಿಡಗಳ ನಡುವೆ ಇಳಿಜಾರಿನಲ್ಲಿ ಓಡುತ್ತಿದ್ದಾಳೆ. ಲಾರೆನ್ಸ್‌ನ ಕಡ್ಡಿ ಆರಿದಾಗ ಲೋಕವೇ ತೆರೆದುಕೊಂಡಿತ್ತು. ಇಲ್ಲಿ ಕಡ್ಡಿ ಆರಿದಾಗ ಲೋಕ ಮುಚ್ಚಿಕೊಳ್ಳುತ್ತದೆ. ಫಾರ್ಸ್ಟರ್ ಹೇಳದೆ ಬಿಟ್ಟ ಜಾಗವನ್ನು ಲೀನ್ ಎರಡು ಶಾಟ್‌ಗಳ ನಡುವಿನ ಅಂಟಿನಲ್ಲಿ ಇಟ್ಟ. ಪುಸ್ತಕದ ಮೌನಕ್ಕೆ ಸಿನಿಮಾದಲ್ಲಿ ಇದಕ್ಕಿಂತ ನಿಷ್ಠೆಯ ಅನುವಾದ ಸಾಧ್ಯವಿರಲಿಲ್ಲ.

ಹಾಗೆಂದು ಮೌನವನ್ನು ಪೂರ್ತಿ ನಂಬಲೂ ಇಲ್ಲ. ಕಾದಂಬರಿಯಲ್ಲಿಲ್ಲದ ಒಂದು ದೃಶ್ಯವನ್ನು ಲೀನ್ ಸೇರಿಸಿದ್ದಾನೆ. ಸೈಕಲ್ ತುಳಿದುಕೊಂಡು ಹೋದ ಅಡೆಲಾ ಪಾಳು ಗುಡಿಯೊಂದರಲ್ಲಿ ಮಿಥುನ ಶಿಲ್ಪಗಳನ್ನು ಕಂಡು ಕಲಕಿಹೋಗುತ್ತಾಳೆ, ಕೋತಿಗಳು ಬೆನ್ನಟ್ಟುತ್ತವೆ. ಗುಹೆಯಲ್ಲಿ ನಡೆದದ್ದು ಅವಳ ಮನಸ್ಸಿನೊಳಗೇ ಎಂಬ ವಿವರಣೆಯನ್ನು ಇದು ಮೊದಲೇ ಕೈಗಿಡುತ್ತದೆ. ದೃಶ್ಯವಾಗಿ ಚೆನ್ನಾಗಿದೆ, ಕತೆಯ ನಿಗೂಢವನ್ನು ಕಿರಿದು ಮಾಡುತ್ತದೆ. ಇದಕ್ಕಿಂತ ದೊಡ್ಡ ತಪ್ಪು ಅಲೆಕ್ ಗಿನ್ನೆಸ್‌ನನ್ನು ಪ್ರೊಫೆಸರ್ ಗೋಡ್ಬೋಲೆ ಮಾಡಿದ್ದು. ಮುಖಕ್ಕೆ ಕಂದು ಬಳಿದು ಬ್ರಾಹ್ಮಣ ತತ್ತ್ವಜ್ಞಾನಿಯಾದ ಇಂಗ್ಲಿಷ್ ನಟ 1984ರಲ್ಲೇ ಕಣ್ಣಿಗೆ ಒತ್ತುತ್ತಿದ್ದ. ಸಯೀದ್ ಜಾಫ್ರಿ, ರೋಷನ್ ಸೇಥ್‌ರಂಥ ಭಾರತೀಯ ನಟರು ಪಕ್ಕದಲ್ಲೇ ಇರುವಾಗ ಇದಕ್ಕೆ ಸಮರ್ಥನೆಯೇ ಇಲ್ಲ. ಕೊನೆಯನ್ನೂ ಲೀನ್ ಬದಲಿಸಿದ. ಕಾದಂಬರಿ ಅಜೀಜ್ ಮತ್ತು ಇಂಗ್ಲಿಷನಾದ ಫೀಲ್ಡಿಂಗ್ ನಡುವೆ ಗೆಳೆತನ ಸದ್ಯಕ್ಕೆ ಸಾಧ್ಯವಿಲ್ಲ ಎಂಬಲ್ಲಿ ನಿಲ್ಲುತ್ತದೆ. ಚಿತ್ರದಲ್ಲಿ ಅಜೀಜ್ ಅಡೆಲಾಳಿಗೆ ಕ್ಷಮೆಯ ಕಾಗದ ಬರೆಯುತ್ತಾನೆ, ಎಲ್ಲ ಸರಿಹೋಗುತ್ತದೆ. 'ಗಾಂಧಿ', 'ಹೀಟ್ ಅಂಡ್ ಡಸ್ಟ್', 'ದಿ ಜ್ಯುಯೆಲ್ ಇನ್ ದ ಕ್ರೌನ್' ಒಂದರ ಹಿಂದೊಂದು ಬರುತ್ತಿದ್ದ ಆ ದಿನಗಳಲ್ಲಿ ಬ್ರಿಟಿಷರಿಗೆ ಹಳೆಯ ರಾಜ್ಯಭಾರದ ಹಂಬಲ ಮರುಕಳಿಸಿದೆ ಎಂದು ಸಲ್ಮಾನ್ ರಷ್ದಿ ಕಟುವಾಗಿ ಬರೆದದ್ದು ಇಂಥ ಕಡೆ ಸರಿಯೆನಿಸುತ್ತದೆ.

163 ನಿಮಿಷಗಳ ಚಿತ್ರ 1984ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. 11 ಆಸ್ಕರ್ ನಾಮನಿರ್ದೇಶನಗಳಲ್ಲಿ ಗೆದ್ದದ್ದು ಎರಡು: ಪೋಷಕ ನಟಿಯಾಗಿ ಪೆಗ್ಗಿ ಆ್ಯಷ್‌ಕ್ರಾಫ್ಟ್, ಸಂಗೀತಕ್ಕೆ ಮೊರಿಸ್ ಜಾರ್. ಜಾರ್‌ನ ಮೂರು ಆಸ್ಕರ್‌ಗಳೂ ಲೀನ್ ಚಿತ್ರಗಳಿಗೇ ಬಂದವು. ಲೀನ್ ಹೆಸರು ನಿರ್ದೇಶನ, ಚಿತ್ರಕತೆ, ಸಂಕಲನ ಮೂರರಲ್ಲೂ ಇತ್ತು. ನಿರ್ದೇಶಕನಾದ ಮೇಲೆ ನಾಲ್ಕು ದಶಕ ಬೇರೆಯವರ ಹೆಗಲ ಮೇಲಿಂದ ಎಡಿಟಿಂಗ್ ನೋಡಿದವನು ಈ ಚಿತ್ರಕ್ಕೆ ಮತ್ತೆ ತಾನೇ ಮೇಜಿಗೆ ಕೂತು, ಸಂಕಲನಕಾರನೆಂದು ಹೆಸರು ಹಾಕಿಸಿಕೊಂಡ. ಮಾಗಡಿಯ ಬಂಡೆಯ ಮೇಲೆ ತೆಗೆದ ಒಂದೊಂದು ತುಂಡನ್ನೂ ಆಯ್ದು ಕತ್ತರಿಸಿದ್ದು 1927ರ ಆ ಚಹಾ ಹುಡುಗನ ಕೈಯೇ.

ಅದೇ 1984ರಲ್ಲಿ ಲೀನ್‌ಗೆ ನೈಟ್ ಪದವಿ ಬಂತು. 1989ರಲ್ಲಿ 'ಲಾರೆನ್ಸ್' ಕಳೆದುಹೋದ ಭಾಗಗಳೊಂದಿಗೆ ದುರಸ್ತಿಯಾಗಿ ಮತ್ತೆ ತೆರೆ ಕಂಡಿತು; ಅದರ ಕೊನೆಯ ಹದವನ್ನು ಲೀನ್ ತಾನೇ ಮಾಡಿಕೊಟ್ಟ. ಮರುವರ್ಷ ಅಮೆರಿಕನ್ ಫಿಲಂ ಇನ್‌ಸ್ಟಿಟ್ಯೂಟ್‌ನ ಜೀವಮಾನ ಪ್ರಶಸ್ತಿ. ಜೋಸೆಫ್ ಕಾನ್ರಾಡ್‌ನ 'ನಾಸ್ಟ್ರೊಮೊ'ವನ್ನು ಚಿತ್ರ ಮಾಡಲು ಎಲ್ಲ ಸಿದ್ಧತೆಯೂ ಆಗಿತ್ತು. ಅಷ್ಟರಲ್ಲಿ ಗಂಟಲ ಕ್ಯಾನ್ಸರ್ ಗೆದ್ದಿತು.

ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ರಕ್ಷಣಾ ತಾಣವೆಂದು ಸಾರಲಾಯಿತು. ಈಗ ಅಲ್ಲಿ ಲೀನ್ ಮಾಡಿದಂತೆ ಬಂಡೆ ಕೊರೆಯುವುದು ಸಾಧ್ಯವಿಲ್ಲ. ಸಾವನದುರ್ಗವನ್ನು ವಾರದ ಕೊನೆಯಲ್ಲಿ ಬೆಂಗಳೂರಿನ ಹುಡುಗರು ಹತ್ತಿ ಇಳಿಯುತ್ತಾರೆ. ಡೇವಿಡ್ ಲೀನ್ ಹೆಸರಿನಲ್ಲಿ ಉಳಿದ ಚಿತ್ರಗಳು ಒಟ್ಟು 16. ಹದಿನಾರನೆಯದು ಈ ಬೆಟ್ಟದ್ದು.